ಮಗಳಿಗೆ ‘ಫಸ್ಟ್’ ಬರೆಸಲೋ, ಐಇಎಲ್‌ಟಿಎಸ್ ಬರೆಸಲೋ?

ಪ್ರಶ್ನೆ: ನನ್ನ ಮಗಳು 9ನೇ ತರಗತಿ. ಏಳರವರೆಗೆ ಕನ್ನಡ ಮಾಧ್ಯಮ, ಎಂಟರಿಂದ ಇಂಗ್ಲಿಷ್ ಮಾಧ್ಯಮ. ಇಂಗ್ಲಿಷಿನಲ್ಲಿ ನೂರಕ್ಕೆ 85ಕ್ಕಿಂತ ಕಡಿಮೆ ತೆಗೆದಿಲ್ಲ. ಆದರೆ ಯಾರಾದರೂ ಇಂಗ್ಲಿಷಿನಲ್ಲಿ ಮಾತಾಡಿಸಿದರೆ ನನ್ನ ಸೆರಗಿನ ಹಿಂದೆ ಹೋಗಿ ನಿಲ್ಲುತ್ತಾಳೆ. ನಮ್ಮೂರಿನ ಟ್ಯೂಷನ್ ಸೆಂಟರಿನವರು "ಮೂರು ತಿಂಗಳು ಕಳಿಸಿ, ಕೇಂಬ್ರಿಡ್ಜ್ ಫಸ್ಟ್ ಪಾಸ್ ಮಾಡಿಸ್ತೀವಿ, ಮುಂದೆ ಇಂಜಿನಿಯರಿಂಗ್ ಸೀಟಿಗೂ ಫಾರಿನ್‌ಗೂ ಆಗುತ್ತೆ" ಅಂತಿದ್ದಾರೆ. ಬೆಂಗಳೂರಿನಲ್ಲಿರುವ ನಮ್ಮಣ್ಣ "ಅದೆಲ್ಲ ಬೇಡ, ಐಇಎಲ್‌ಟಿಎಸ್ಸೇ ಬರೆಸು" ಅಂತಾನೆ. ಯಾರ ಮಾತು ಕೇಳಲಿ? — ದಾವಣಗೆರೆ ಜಿಲ್ಲೆಯ ಒಬ್ಬ ತಾಯಿ

ಉತ್ತರ: ಫಸ್ಟ್, ಐಇಎಲ್‌ಟಿಎಸ್ ಎರಡೂ ಇಂಗ್ಲಿಷ್ ಎಷ್ಟು ಬರುತ್ತದೆ ಎಂದು ಅಳೆಯುವ ಪರೀಕ್ಷೆಗಳು. ಸದ್ಯಕ್ಕೆ ಇಬ್ಬರ ಮಾತನ್ನೂ ಕೇಳಬೇಡಿ. ಬರೆಸಲೇಬೇಕು ಅನ್ನಿಸಿದರೆ ಕೇಂಬ್ರಿಡ್ಜಿನವರದ್ದೇ, ‘ಫಸ್ಟ್’ಗಿಂತ ಒಂದು ಮೆಟ್ಟಿಲು ಕೆಳಗಿನ ಇನ್ನೊಂದು ಪರೀಕ್ಷೆ ಇದೆ, ‘ಬಿ1 ಪ್ರಿಲಿಮಿನರಿ ಫಾರ್ ಸ್ಕೂಲ್ಸ್’ ಅಂತ. ಹಳಬರು ಅದನ್ನು ‘ಪೆಟ್’ ಎನ್ನುತ್ತಾರೆ. ನಿಮ್ಮ ಮಗಳ ವಿಷಯದಲ್ಲಿ ನನ್ನ ಮನಸ್ಸು ವಾಲುವುದು ಅದರ ಕಡೆಗೆ. ಅದನ್ನೂ ಮನೆಯಲ್ಲೇ ಒಂದು ಮಾದರಿ ಪತ್ರಿಕೆ ಬರೆಸಿ ನೋಡಿದ ಮೇಲಷ್ಟೇ ತೀರ್ಮಾನಿಸಿ.

ಮೊದಲು ಇಂಜಿನಿಯರಿಂಗ್ ಸೀಟಿನ ಮಾತು ಮುಗಿಸಿಬಿಡೋಣ. ನಮ್ಮ ಸಿಇಟಿಯಲ್ಲಿ ಇಂಜಿನಿಯರಿಂಗ್ ರ‍್ಯಾಂಕ್ ನಿಲ್ಲುವುದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಮೇಲೆ. ಪಿಯುಸಿ ಅಂಕ ಸೇರಿಸುವಾಗಲೂ ಆ ಮೂರೇ ವಿಷಯ. ಜೆಇಇಯಲ್ಲೂ ಅಷ್ಟೇ. ಕೇಂಬ್ರಿಡ್ಜ್ ಪ್ರಮಾಣಪತ್ರವಾಗಲಿ ಇನ್ನೊಂದಾಗಲಿ, ಅಲ್ಲಿ ಅದಕ್ಕೆ ಅರ್ಧ ಅಂಕವೂ ಸಿಗುವುದಿಲ್ಲ. ಸೆಂಟರಿನವರು ಇದನ್ನು ಗೊತ್ತಿದ್ದೇ ಹೇಳಿದರೋ ಗೊತ್ತಿಲ್ಲದೆ ಹೇಳಿದರೋ, ಎರಡೂ ಚಿಂತೆಯ ವಿಷಯವೇ.

ಇನ್ನು ನಿಮ್ಮ ಅಣ್ಣನವರ ಐಇಎಲ್‌ಟಿಎಸ್. ಅದು ಒಳ್ಳೆಯ ಪರೀಕ್ಷೆ, ಹೊರದೇಶಕ್ಕೆ ಹೋಗುವವರಿಗೆ ಬಹಳ ಕಡೆ ಬೇಕಾಗುತ್ತದೆ, ನಿಜ. ಆದರೆ ಅದರ ಅಂಕಕ್ಕೆ 2 ವರ್ಷದ ಆಯಸ್ಸು. ಅದೇ ಬಗೆಯ ಟೋಫೆಲ್‌ಗೂ ಡುಯೊಲಿಂಗೊ ಇಂಗ್ಲಿಷ್ ಟೆಸ್ಟಿಗೂ ಅಷ್ಟೇ. ಈಗ 9ನೇ ತರಗತಿಯಲ್ಲಿ ಬರೆಸಿದರೆ ಎರಡನೇ ಪಿಯು ಮುಗಿಯುವ ಹೊತ್ತಿಗೆ ಅದು ಹಳೇ ಕ್ಯಾಲೆಂಡರಿನಂತೆ. ಜೊತೆಗೆ ಐಇಎಲ್‌ಟಿಎಸ್ ನಡೆಸುವವರೇ 16 ದಾಟಿದವರು ಬರೆಯಲಿ ಎನ್ನುತ್ತಾರೆ. ಅದರಲ್ಲಿ ಬರುವ ಗ್ರಾಫ್ ವಿವರಣೆ, ಸಾರ್ವಜನಿಕ ವಿಷಯಗಳ ಪರ-ವಿರೋಧದ ಪ್ರಬಂಧ ಇವೆಲ್ಲ 14 ವರ್ಷದ ಹುಡುಗಿಗೆ ಇಂಗ್ಲಿಷ್ ಬಂದರೂ ಹೊಳೆಯುವಂಥವಲ್ಲ. ಮುಂದೆ ಹೊರದೇಶದ ಯೋಚನೆ ಗಟ್ಟಿಯಾದರೆ ಎರಡನೇ ಪಿಯುನಲ್ಲಿ ಬರೆಯಲಿ. ಅಣ್ಣನವರು ಹೇಳಿದ ಪರೀಕ್ಷೆಯಲ್ಲಿ ತಪ್ಪಿಲ್ಲ, ಹೇಳಿದ ಹೊತ್ತು ಮಾತ್ರ ಮೂರು ವರ್ಷ ಮುಂಚೆ.

ಕೇಂಬ್ರಿಡ್ಜ್ ಪ್ರಮಾಣಪತ್ರದ ಮೇಲೆ ಹಾಗೆ ಮುಗಿಯುವ ದಿನಾಂಕ ಇರುವುದಿಲ್ಲ. ಆದರೆ ಈ ಮಾತನ್ನೇ ಹಿಡಿದುಕೊಂಡು "ಜೀವನಪರ್ಯಂತ ನಡೆಯುತ್ತೆ" ಎಂದು ಮಾರುವವರೂ ಇದ್ದಾರೆ. ಪ್ರಮಾಣಪತ್ರ ಕೆಡುವುದಿಲ್ಲ ಎಂಬುದು ಬೇರೆ, ವಿಶ್ವವಿದ್ಯಾಲಯ ಅದನ್ನು ಒಪ್ಪುತ್ತದೆ ಎಂಬುದು ಬೇರೆ. ಇತ್ತೀಚಿನದೇ ಬೇಕು ಎನ್ನುವ ಕಾಲೇಜುಗಳಿವೆ. ಪದವಿಗೆ ‘ಫಸ್ಟ್’ನ ಬಿ2 ಮಟ್ಟ ಸಾಲದು, ಅದಕ್ಕಿಂತ ಮೇಲಿನ ಸಿ1 ಬೇಕು ಎನ್ನುವ ಕಡೆಗಳೂ ಇವೆ. ಬ್ರಿಟನ್ನಿನ ವೀಸಾ ಕಚೇರಿಯವರು ಇಟ್ಟುಕೊಂಡಿರುವ ಪರೀಕ್ಷೆಗಳ ಪಟ್ಟಿಯಲ್ಲಿ ಈ ‘ಫಸ್ಟ್’ ಇಲ್ಲ. ಹಾಗಾಗಿ ಫಾರಿನ್ ಎಂಬ ಒಂದೇ ಕಾರಣಕ್ಕಾದರೆ ಈಗ ದುಡ್ಡು ಹಾಕಬೇಡಿ.

"ಹಾಗಾದರೆ ಬರೆಸುವುದೇ ಯಾಕೆ?" ಎಂದು ನೀವು ಕೇಳಬಹುದು. ಕಾರಣ ನಿಮ್ಮ ಪತ್ರದಲ್ಲೇ ಇದೆ: 85 ಅಂಕ, ಮತ್ತು ಸೆರಗಿನ ಹಿಂದೆ ನಿಲ್ಲುವ ಮಗಳು. ಇದು ನಿಮ್ಮ ಮನೆಯೊಂದರ ಕಥೆಯಲ್ಲ. ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆ ಇಂಗ್ಲಿಷಿಗೆ 80 ಅಂಕದ ಲಿಖಿತ ಪತ್ರಿಕೆ, 20 ಅಂಕ ಶಾಲೆಯ ಆಂತರಿಕ ಮೌಲ್ಯಮಾಪನ. ಪತ್ರಿಕೆಯಲ್ಲಿ ಪಾಠದ ಪ್ರಶ್ನೋತ್ತರ, ಬಾಯಿಪಾಠದ ಪದ್ಯ, ಪತ್ರಲೇಖನ, ಒಂದಿಷ್ಟು ವ್ಯಾಕರಣ. ಶ್ರದ್ಧೆಯಿಂದ ಓದುವ ಮಗು ಇಡೀ ವರ್ಷ ಒಂದೇ ಒಂದು ಸ್ವಂತ ವಾಕ್ಯವನ್ನೂ ಆಡದೆ ಇದರಲ್ಲಿ ಚೆನ್ನಾಗಿ ಅಂಕ ತೆಗೆಯಬಹುದು. ನಾನು ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಪಾಠ ಹೇಳಿದ್ದೇನೆ, ಇಂಥ ಮಕ್ಕಳನ್ನು ನಾನೂ ತಯಾರು ಮಾಡಿದ್ದೇನೆ, ತಪ್ಪಿನಲ್ಲಿ ನನ್ನ ಪಾಲೂ ಇದೆ. ಕೇಂಬ್ರಿಡ್ಜ್ ಪರೀಕ್ಷೆಯಲ್ಲಿ ಬಾಯಿಪಾಠಕ್ಕೆ ಪಾಠವೇ ಇಲ್ಲ. ಪ್ರಿಲಿಮಿನರಿಯಲ್ಲಿ ಓದು, ಬರವಣಿಗೆ, ಆಲಿಸುವಿಕೆ, ಮಾತು ನಾಲ್ಕಕ್ಕೂ ಕಾಲು ಕಾಲು ಪಾಲು. ಕಾಗದದ ತುಂಡಿಗಿಂತ ಈ ಅರ್ಧ ಭಾಗ, ಅಂದರೆ ಕೇಳುವುದು ಮತ್ತು ಆಡುವುದು, ನಿಮ್ಮ ಮಗಳಿಗೆ ಬೇಕಾಗಿರುವುದು.

ಈಗ ಮೆಟ್ಟಿಲುಗಳ ವಿಚಾರ. ಎ1, ಎ2, ಬಿ1, ಬಿ2, ಸಿ1, ಸಿ2 ಎಂಬ ಆರು ಮಟ್ಟಗಳನ್ನು ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿತು. ಇದು ಇಂಗ್ಲಿಷಿಗಾಗಿಯೇ ಮಾಡಿದ್ದಲ್ಲ, ಯಾವ ಭಾಷೆಗಾದರೂ ಹಿಡಿಯಬಹುದಾದ ಅಳತೆಗೋಲು. ಬೇಕಾದರೆ ನಿಮ್ಮ ಮಗಳ ಹಿಂದಿಗೆ ಹಿಡಿದು ನೋಡಿ, ಮಜಾ ಇರುತ್ತದೆ: ಸಿನಿಮಾ ನೋಡಿ ಅರ್ಥ ಮಾಡಿಕೊಳ್ಳುವುದರಲ್ಲಿ ಬಿ1, ಬರೆಯುವುದರಲ್ಲಿ ಎ2, ಹೀಗೆ ಒಂದೊಂದು ಒಂದೊಂದು ಮೆಟ್ಟಿಲಲ್ಲಿ ನಿಂತಿರುತ್ತದೆ. ಇಂಗ್ಲಿಷಿನಲ್ಲಿ ನಮ್ಮ ಮಕ್ಕಳದ್ದು ಸಾಮಾನ್ಯವಾಗಿ ಉಲ್ಟಾ. ಓದಿ ಬರೆಯುವುದು ಮೇಲೆ, ಕೇಳಿ ಮಾತಾಡುವುದು ಒಂದು ಮೆಟ್ಟಿಲು ಕೆಳಗೆ.

ಶಾಲಾ ಮಕ್ಕಳಿಗೆಂದು ಕೇಂಬ್ರಿಡ್ಜಿನವರು ಇಟ್ಟಿರುವ ಮುಖ್ಯ ಪರೀಕ್ಷೆಗಳು ಮೂರು. ಎ2 ಕೀ, ಬಿ1 ಪ್ರಿಲಿಮಿನರಿ, ಬಿ2 ಫಸ್ಟ್. ಮೂರರ ಹೆಸರಿನ ಹಿಂದೆಯೂ ‘ಫಾರ್ ಸ್ಕೂಲ್ಸ್’ ಎಂದಿರುತ್ತದೆ. ದೊಡ್ಡವರ ಪರೀಕ್ಷೆಗೂ ಇದಕ್ಕೂ ಕಷ್ಟದಲ್ಲಿ ಹೆಚ್ಚುಕಡಿಮೆ ಇಲ್ಲ, ಬರುವ ವಿಷಯಗಳು ಮಾತ್ರ ಶಾಲೆ, ಆಟ, ಗೆಳೆಯರು, ರಜೆ ಇಂಥವು. ‘ಫಸ್ಟ್’ ಎಂಬ ಹೆಸರು ಕೇಳಿ ಬಹಳ ಜನ ಇದೇ ಮೊದಲ ಮೆಟ್ಟಿಲು ಅಂದುಕೊಳ್ಳುತ್ತಾರೆ. 1939ರಲ್ಲಿ ‘ಲೋವರ್ ಸರ್ಟಿಫಿಕೇಟ್’ ಎಂಬ ಹೆಸರಿನಲ್ಲಿ ಶುರುವಾದದ್ದು ಮುಂದೆ ‘ಫಸ್ಟ್’ ಆಯಿತು. ಆಗ ಅದರ ಕೆಳಗೆ ಬೇರೆ ಮೆಟ್ಟಿಲಿರಲಿಲ್ಲ. ಪ್ರಿಲಿಮಿನರಿ ಬಂದದ್ದು 1980ರಲ್ಲಿ, ಕೀ ಬಂದದ್ದು 1994ರಲ್ಲಿ. ಅಂದರೆ ಇವತ್ತು ‘ಫಸ್ಟ್’ ಕೆಳಗಿನಿಂದ ಮೂರನೆಯದು. ಎಲ್ಲಕ್ಕಿಂತ ಮೇಲಿನ ‘ಪ್ರೊಫಿಷಿಯೆನ್ಸಿ’ ಎಲ್ಲಕ್ಕಿಂತ ಹಳೆಯದು. 1913ರಲ್ಲಿ ಮೊದಲ ಸಲ ನಡೆದಾಗ ಕುಳಿತವರು ಮೂವರು, ಹನ್ನೆರಡು ಗಂಟೆಯ ಪರೀಕ್ಷೆ, ಮೂವರೂ ಫೇಲ್. ಮಗಳು ಹೆದರಿದರೆ ಈ ಕಥೆ ಹೇಳಿ.

ಸೆಂಟರಿನವರ ‘ಮೂರು ತಿಂಗಳ’ ಲೆಕ್ಕವನ್ನು ನಾವೇ ಒಮ್ಮೆ ಹಾಕಿ ನೋಡೋಣ. ಸೊನ್ನೆಯಿಂದ ಶುರು ಮಾಡಿದರೆ ಎ2 ಮುಟ್ಟಲು ಮಾರ್ಗದರ್ಶನದಲ್ಲಿ ಕಲಿಯುವ 180ರಿಂದ 200 ಗಂಟೆ, ಬಿ1ಕ್ಕೆ 350ರಿಂದ 400, ಬಿ2ಕ್ಕೆ 500ರಿಂದ 600 ಗಂಟೆ ಬೇಕೆಂದು ಕೇಂಬ್ರಿಡ್ಜಿನವರದ್ದೇ ಅಂದಾಜು. ನಿಮ್ಮ ಮಗಳು ಈಗ ಗಟ್ಟಿಯಾಗಿ ಎ2ರಲ್ಲಿ ಇದ್ದಾಳೆ ಎಂದೇ ಇಟ್ಟುಕೊಳ್ಳಿ. ಅಲ್ಲಿಂದ ಬಿ2ಕ್ಕೆ ಕಡಿಮೆಯೆಂದರೂ 300 ಗಂಟೆ. 90 ದಿನಕ್ಕೆ ಹಂಚಿದರೆ ಭಾನುವಾರವೂ ಬಿಡದೆ ದಿನಕ್ಕೆ ಮೂರು ಗಂಟೆ ಇಪ್ಪತ್ತು ನಿಮಿಷ. ಶಾಲೆ, ಹೋಂವರ್ಕ್, ಗಣಿತದ ಟ್ಯೂಷನ್ ಎಲ್ಲ ಆದ ಮೇಲೆ! ಅದೇ ಎ2ರಿಂದ ಬಿ1ಕ್ಕೆ 150 ಗಂಟೆ ಎಂದರೆ, ವಾರಕ್ಕೆ ಐದು ದಿನ ಮುಕ್ಕಾಲು ಗಂಟೆಯಂತೆ ನಲವತ್ತು ವಾರ. ಇದು ಸಂಸಾರಸ್ಥರು ನಂಬಬಹುದಾದ ಲೆಕ್ಕ.

ಅಂಕ ಕೊಡುವ ಕ್ರಮದಲ್ಲೂ ಒಂದು ಸೂಕ್ಷ್ಮ ಇದೆ, ಟ್ಯೂಷನ್ನಿನವರು ಇದನ್ನು ಬಿಡಿಸಿ ಹೇಳುವುದು ಕಡಿಮೆ. ಈ ಅಂಕಗಳು ನೂರಕ್ಕೆ ಇಷ್ಟು ಎಂಬ ಲೆಕ್ಕವಲ್ಲ, ಕೇಂಬ್ರಿಡ್ಜಿನವರದ್ದೇ ಒಂದು ಅಳತೆ. ಪ್ರಿಲಿಮಿನರಿಯಲ್ಲಿ 140 ಬಂದರೆ ಪಾಸು. 153ರಿಂದ ಬಿ ಗ್ರೇಡ್, 160ರಿಂದ ಎ ಗ್ರೇಡ್. ಎ ಬಂದರೆ ಪ್ರಮಾಣಪತ್ರದ ಮೇಲೆ ಬಿ1 ಎಂದಲ್ಲ, ಬಿ2 ಮಟ್ಟ ತೋರಿಸಿದ್ದಾಳೆ ಎಂದೇ ಬರೆದುಕೊಡುತ್ತಾರೆ. 140 ಮುಟ್ಟದೆ 120 ದಾಟಿದರೆ ಎ2 ಮಟ್ಟದ ಪ್ರಮಾಣಪತ್ರ. ‘ಫಸ್ಟ್’ನಲ್ಲಿ ಪಾಸಾಗಲು 160 ಬೇಕು, 140ರಿಂದ 159 ಬಂದರೆ ಬಿ1 ಎಂದು ಕೊಡುತ್ತಾರೆ, 140ಕ್ಕೂ ಕೆಳಗಾದರೆ ಪ್ರಮಾಣಪತ್ರವೇ ಇಲ್ಲ. 135ರ ಯೋಗ್ಯತೆಯ ಮಗು ಪ್ರಿಲಿಮಿನರಿ ಬರೆದರೆ ಕೈಯಲ್ಲಿ ಒಂದು ಕಾಗದವಾದರೂ ಇರುತ್ತದೆ, ‘ಫಸ್ಟ್’ ಬರೆದರೆ ಬರಿಗೈ. ಒಂದು ಮೆಟ್ಟಿಲು ಕೆಳಗಿನದನ್ನು ಬರೆದು ಎ ತೆಗೆಯುವುದರಲ್ಲಿ ಅವಮಾನವೇನಿಲ್ಲ. ನನ್ನ ಬಳಿ ಬಂದ ಒಬ್ಬ ತಂದೆ "ಕೀ ಬರೆಸಿದರೆ ನೆಂಟರು ಏನಂತಾರೆ" ಎಂದು ಹುಡುಗನನ್ನು ನೇರವಾಗಿ ‘ಫಸ್ಟ್’ಗೆ ಕೂರಿಸಿದರು. ಫಲಿತಾಂಶ ಬಂದ ಮೇಲೆ ಅವನು ಆರು ತಿಂಗಳು ಇಂಗ್ಲಿಷ್ ಕಥೆಪುಸ್ತಕ ಮುಟ್ಟಲಿಲ್ಲ. ಮೊದಲು ಓದುತ್ತಿದ್ದ ಹುಡುಗ ಅವನು.

ಈಗ ಪ್ರಿಲಿಮಿನರಿ ಪರೀಕ್ಷೆಯ ಒಳಗೆ ಹೋಗೋಣ. ಓದಿನ ಪತ್ರಿಕೆ 45 ನಿಮಿಷ, 32 ಪ್ರಶ್ನೆ. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, 85 ತೆಗೆಯುವ ಹುಡುಗಿ ಇದರಲ್ಲಿ ದಡ ಸೇರುತ್ತಾಳೆ. ಬರವಣಿಗೆಯೂ 45 ನಿಮಿಷ, ಸುಮಾರು ನೂರು ನೂರು ಪದದ ಎರಡು ಬರಹ. ಮೊದಲನೆಯದು ಇಮೇಲ್: ಯಾರೋ ಬರೆದ ಇಮೇಲಿನ ಪಕ್ಕದಲ್ಲಿ ನಾಲ್ಕು ಟಿಪ್ಪಣಿ ಇರುತ್ತವೆ, ನಾಲ್ಕಕ್ಕೂ ಉತ್ತರ ಬರಬೇಕು. ಎಷ್ಟೇ ಚಂದದ ಇಂಗ್ಲಿಷಾದರೂ ಒಂದು ಬಿಟ್ಟರೆ ಅಂಕ ಕಳೆಯುತ್ತಾರೆ. ಎರಡನೆಯದು ಲೇಖನ ಅಥವಾ ಕಥೆ, ಯಾವುದಾದರೂ ಒಂದು. ಇಲ್ಲಿ ನಮ್ಮ ಮಕ್ಕಳು ಮುಗ್ಗರಿಸುವುದು ಸ್ಪೆಲಿಂಗಿನಲ್ಲಲ್ಲ, ಧಾಟಿಯಲ್ಲಿ. ಫ್ರಂ, ಟು, ರೆಸ್ಪೆಕ್ಟೆಡ್ ಸರ್, ‘ವಿತ್ ರೆಫರೆನ್ಸ್ ಟು ದಿ ಅಬೋವ್ ಸಬ್ಜೆಕ್ಟ್’ ಎಂದು ಶಾಲೆಯಲ್ಲಿ ತಿದ್ದಿ ತಿದ್ದಿ ಕೈಗೆ ಕೂತಿರುತ್ತದೆ. ರಜೆಗೆ ಬಾ ಎಂದು ಕರೆದ ಗೆಳತಿಗೂ ಅದೇ ತಹಸೀಲ್ದಾರರಿಗೆ ಕೊಡುವ ಅರ್ಜಿ. ಓದುವವರು ಯಾರು, ಅವರಿಗೆ ತಕ್ಕ ಧಾಟಿಯಿದೆಯೇ ಎಂಬುದಕ್ಕೂ ಇಲ್ಲಿ ಬೇರೆಯೇ ಅಂಕ ಇಟ್ಟಿದ್ದಾರೆ.

ಆಲಿಸುವ ಭಾಗ ಅರ್ಧ ಗಂಟೆ, 25 ಪ್ರಶ್ನೆ. ಪ್ರತಿ ಧ್ವನಿಮುದ್ರಣವನ್ನೂ ಎರಡು ಸಲ ಕೇಳಿಸುತ್ತಾರೆ. ಹೊಸಬರು ಬೀಳುವ ಗುಂಡಿ ಇಲ್ಲಿದೆ. ಬಸ್ ಎಷ್ಟು ಗಂಟೆಗೆ ಎಂದು ಪ್ರಶ್ನೆ, ಉತ್ತರಕ್ಕೆ ಆರಿಸಲು ಮೂರು ಚಿತ್ರ. ಧ್ವನಿಯಲ್ಲಿ ಒಬ್ಬಳು "ಒಂಬತ್ತಕ್ಕೆ ತಾನೆ?" ಅನ್ನುತ್ತಾಳೆ, ಇನ್ನೊಬ್ಬ "ಅಲ್ಲ, ರಸ್ತೆ ಅಗೆದಿದ್ದಾರೆ, ಒಂಬತ್ತೂವರೆಗಂತೆ" ಅನ್ನುತ್ತಾನೆ. ಮಗು ‘ಒಂಬತ್ತು’ ಕಿವಿಗೆ ಬಿದ್ದ ಕೂಡಲೇ ಟಿಕ್ ಹಾಕಿ ನಿರಾಳವಾಗುತ್ತದೆ. ಮೊದಲು ಕೇಳಿದ್ದಕ್ಕೆ ಮೋಸ ಹೋಗದಿರುವುದು ಇಲ್ಲಿ ಅರ್ಧ ವಿದ್ಯೆ. ಪತ್ರಿಕೆ ಮಾಡುವವರು ಬೇಕೆಂದೇ ಮೂರೂ ಚಿತ್ರದ ಹೆಸರನ್ನು ಮಾತಿನಲ್ಲಿ ಎಳೆದು ತರುತ್ತಾರೆ. ಇದಕ್ಕೆ ಬೇರೆ ಮದ್ದಿಲ್ಲ, ದಿನಾ ಹತ್ತು ನಿಮಿಷ ಕಿವಿಗೆ ಇಂಗ್ಲಿಷ್ ಬೀಳಬೇಕು. ಬಿಬಿಸಿ ಲರ್ನಿಂಗ್ ಇಂಗ್ಲಿಷಿನವರ ಆರು ನಿಮಿಷದ ಕಾರ್ಯಕ್ರಮ ಇದೆ, ಬಿಟ್ಟಿಯೇ ಸಿಗುತ್ತದೆ. ಮೊದಲ ಸಲ ಬರಹ ನೋಡದೆ ಕೇಳಲಿ, ಎರಡನೇ ಸಲ ನೋಡಿಕೊಂಡು. ಮೊದಲ ಎರಡು ವಾರ ಏನೂ ತಿಳಿಯುವುದಿಲ್ಲ ಎಂದು ಗೊಣಗುತ್ತಾಳೆ, ಗೊಣಗಲಿ.

ಮಾತಿನ ಪರೀಕ್ಷೆಯನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ನಿಮ್ಮ ಭಯ ಇರುವುದು ಅಲ್ಲೇ. ಕೋಣೆಯಲ್ಲಿ ಇಬ್ಬರು ಪರೀಕ್ಷಕರು, ಇಬ್ಬರು ಮಕ್ಕಳು. ಒಬ್ಬ ಪರೀಕ್ಷಕರು ಮಾತಾಡಿಸುತ್ತಾರೆ, ಇನ್ನೊಬ್ಬರು ಪಕ್ಕದಲ್ಲಿ ಕುಳಿತು ಕೇಳಿ ಅಂಕ ಹಾಕುತ್ತಾರೆ. ಅವರು ನಗದಿದ್ದರೆ ಕೋಪ ಬಂದಿದೆ ಎಂದಲ್ಲ ಎಂದು ಮಗಳಿಗೆ ಮೊದಲೇ ಹೇಳಿಡಿ, ಆ ಮೌನಕ್ಕೇ ಅಳು ಬಂದ ಮಕ್ಕಳನ್ನು ನೋಡಿದ್ದೇನೆ. ಒಟ್ಟು 12 ನಿಮಿಷ. ಮೊದಲು ಊರು, ಮನೆ, ಶಾಲೆ ಎಂದು ಸಣ್ಣ ಪ್ರಶ್ನೆ. ಆಮೇಲೆ ಒಂದು ಬಣ್ಣದ ಫೋಟೋ ಕೊಟ್ಟು ಒಂದು ನಿಮಿಷ ವಿವರಿಸು ಎನ್ನುತ್ತಾರೆ. ಫೋಟೋದಲ್ಲಿರುವ ವಸ್ತುವಿನ ಹೆಸರು ಗೊತ್ತಿಲ್ಲದಿದ್ದರೆ ಅದು ಯಾವ ಕೆಲಸಕ್ಕೆ ಬರುತ್ತದೆ ಎಂದು ಹೇಳಿದರೂ ಸಾಕು, ಸುಮ್ಮನೆ ಕೂರುವುದು ಮಾತ್ರ ನಷ್ಟ. ಮೂರನೆಯದು ಇಬ್ಬರೂ ಮಕ್ಕಳು ಸೇರಿ ಮಾಡುವ ಮಾತು: ಗೆಳೆಯನ ಹುಟ್ಟುಹಬ್ಬಕ್ಕೆ ಏನು ಕೊಡೋಣ ಎಂಬಂಥ ಚಿತ್ರಗಳು ಮುಂದಿರುತ್ತವೆ, ಚರ್ಚಿಸಿ ಒಂದನ್ನು ಆರಿಸಬೇಕು. ಕೊನೆಗೆ ಅದೇ ವಿಷಯದ ಮೇಲೆ ಒಂದಿಷ್ಟು ಹರಟೆ.

ಒಮ್ಮೆ ಅಣಕು ಪರೀಕ್ಷೆಯಲ್ಲಿ ಇಬ್ಬರು ಹುಡುಗಿಯರನ್ನು ಜೊತೆ ಕೂರಿಸಿದ್ದೆ. ಒಬ್ಬಳು ತರಗತಿಗೇ ಮೊದಲಿಗಳು, ಮೂರನೇ ಭಾಗ ಶುರುವಾದದ್ದೇ ತಡ ಭಾಷಣ ಸ್ಪರ್ಧೆಯಂತೆ ಉಸಿರು ಬಿಡದೆ ಮಾತಾಡಿದಳು. ಇನ್ನೊಬ್ಬಳು ತಡವರಿಸುತ್ತಲೇ ನಡುವೆ "ವಾಟ್ ಡು ಯು ಥಿಂಕ್?" ಎಂದಳು, ಗೆಳತಿ ಹೇಳಿದ್ದನ್ನು ಒಪ್ಪಿ ತನ್ನದೊಂದು ಮಾತು ಸೇರಿಸಿದಳು. ಪರಸ್ಪರ ಮಾತಿಗೆ ಇರುವ ಅಂಕದಲ್ಲಿ ಎರಡನೆಯವಳೇ ಮುಂದೆ. ಮೊದಲಿಗಳು ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ, ಅದು ಬೇರೆ ವಿಷಯ.

ಉಚ್ಚಾರಣೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಬ್ರಿಟಿಷರಂತೆ ಉಲಿಯಬೇಕು ಎಂದು ಯಾರೂ ಕೇಳುವುದಿಲ್ಲ, ಕೇಳುವವರಿಗೆ ತಿಳಿಯಬೇಕು ಅಷ್ಟೇ. ನಮ್ಮವರು ತಿದ್ದಿಕೊಳ್ಳಬೇಕಾದ್ದು ಎರಡೇ. ‘ಬಸ್ಸು’, ‘ಬುಕ್ಕು’ ಎಂದು ಪದದ ಬಾಲಕ್ಕೆ ಉಕಾರ ಹಚ್ಚುವುದು ಒಂದು. ಪದದಲ್ಲಿ ಎಲ್ಲಿ ಒತ್ತು ಬೀಳುತ್ತದೆ ಎಂಬುದನ್ನು ಗಮನಿಸದಿರುವುದು ಇನ್ನೊಂದು. ಕನ್ನಡದಲ್ಲಿ ಒತ್ತು ಬದಲಾದರೆ ಅರ್ಥ ಕೆಡುವುದಿಲ್ಲ, ಆದ್ದರಿಂದ ನಮ್ಮ ಕಿವಿಗೆ ಅದು ಬೀಳುವುದೇ ಇಲ್ಲ. ಇಂಗ್ಲಿಷಿನಲ್ಲಿ ‘ಫೋಟೋಗ್ರಾಫ್’ಗೆ ಒತ್ತು ಮೊದಲ ಅಕ್ಷರದ ಮೇಲೆ, ‘ಫೊಟಾಗ್ರಫಿ’ಗೆ ಎರಡನೆಯದರ ಮೇಲೆ. ಇನ್ನು ‘ಐ ಆ್ಯಮ್ ಹ್ಯಾವಿಂಗ್ ಒನ್ ಬ್ರದರ್’ ಒಂದು, ನಮ್ಮ ‘ಇವತ್ತೇ’ಯ ಪಡಿಯಚ್ಚಾದ ‘ಟುಡೇ ಇಟ್‌ಸೆಲ್ಫ್’ ಇನ್ನೊಂದು. ನಮ್ಮ ನಡುವೆ ಸಲೀಸಾಗಿ ನಡೆಯುತ್ತವೆ, ಆ ಕೋಣೆಯಲ್ಲಿ ನಡೆಯುವುದಿಲ್ಲ.

ಅಭ್ಯಾಸಕ್ಕೆ ಅವಳಿಗೊಂದು ಜೊತೆ ಬೇಕು. ನಿಮಗೆ ಇಂಗ್ಲಿಷ್ ಬರಬೇಕೆಂದೇನೂ ಇಲ್ಲ. ಅದೇ ಬೀದಿಯ ಇನ್ನೊಂದು ಹುಡುಗಿಯನ್ನು ಕರೆದು ಸಂಜೆ ಇಪ್ಪತ್ತು ನಿಮಿಷ ಇಬ್ಬರನ್ನೂ ಜಗಲಿಯಲ್ಲಿ ಕೂರಿಸಿ. ಪತ್ರಿಕೆಯಲ್ಲಿ ಬಂದ ಒಂದು ಫೋಟೋ ಮುಂದಿಡಿ, ಫೋನಿನಲ್ಲಿ ಒಂದು ನಿಮಿಷದ ಅಲಾರಂ ಇಡಿ, ನೀವು ಹೂ ಕಟ್ಟುತ್ತಾ ಕುಳಿತಿರಿ. ಮಾತಾಡುವಾಗ ನಡುವೆ ಬಾಯಿ ಹಾಕಿ ತಿದ್ದಬೇಡಿ, ತಿದ್ದುವ ನೆಂಟರನ್ನೂ ದೂರ ಇಡಿ. ವಾರಕ್ಕೊಮ್ಮೆ ರೆಕಾರ್ಡ್ ಮಾಡಿ ಅವಳಿಗೇ ಕೇಳಿಸಿ. ಬರೆದದ್ದನ್ನು ನೋಡುವವರು ಯಾರೂ ಇಲ್ಲದಿದ್ದರೆ ಕೇಂಬ್ರಿಡ್ಜಿನವರ ‘ರೈಟ್ ಆ್ಯಂಡ್ ಇಂಪ್ರೂವ್’ ಎಂಬ ಉಚಿತ ತಾಣದಲ್ಲಿ ಹಾಕಿದರೆ ಮಟ್ಟ ಎಷ್ಟೆಂದು ತೋರಿಸಿ ತಪ್ಪು ಗುರುತಿಸುತ್ತದೆ. ಮಾದರಿ ಪತ್ರಿಕೆಗಳೂ ಅವರ ತಾಣದಲ್ಲಿ ದುಡ್ಡಿಲ್ಲದೆ ಸಿಗುತ್ತವೆ. ಮೊದಲು ಕೀ, ಆಮೇಲೆ ಪ್ರಿಲಿಮಿನರಿ, ಎರಡನ್ನೂ ಗಡಿಯಾರ ಇಟ್ಟು ಬರೆಸಿ. ಪ್ರಿಲಿಮಿನರಿಯ ಓದು ಮತ್ತು ಆಲಿಸುವಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಸರಿಯಾದರೆ ಒಂದು ವರ್ಷದ ತಯಾರಿಗೆ ಅದೇ ಗುರಿ. ಅಷ್ಟೂ ಆಗದಿದ್ದರೆ ಕೀ ಬರೆಯಲಿ. ಕೀಯಲ್ಲಿ 140 ದಾಟಿದರೆ ಅಲ್ಲೂ ಬಿ1 ಎಂದೇ ಬರೆದುಕೊಡುತ್ತಾರೆ.

ಮಾತೇ ಅವಳ ದೊಡ್ಡ ತೊಡಕು ಎನ್ನುವುದಾದರೆ ಟ್ರಿನಿಟಿ ಕಾಲೇಜ್ ಲಂಡನ್ನಿನವರ ಮಾತಿನ ಪರೀಕ್ಷೆಯನ್ನೂ ವಿಚಾರಿಸಿ. ಅದರಲ್ಲಿ 12 ಗ್ರೇಡ್‌ಗಳಿವೆ, ಬರವಣಿಗೆ ಇಲ್ಲ, ಪರೀಕ್ಷಕರು ಮತ್ತು ಮಗು ಇಬ್ಬರೇ. 4ನೇ ಗ್ರೇಡಿನಿಂದ ಮಗು ತನಗಿಷ್ಟವಾದ ಒಂದು ವಿಷಯವನ್ನು ತಾನೇ ಆರಿಸಿ ತಯಾರಾಗಿ ಬರಬಹುದು. ಹಸು ಸಾಕುವುದಾಗಲಿ, ಬೆಣ್ಣೆದೋಸೆಯಾಗಲಿ, ಖೋ ಖೋ ಆಗಲಿ. ತನಗೆ ಗೊತ್ತಿರುವುದನ್ನು ಪರೀಕ್ಷಕರಿಗೆ ಹೇಳಿಕೊಡುವ ಸ್ಥಾನ ಸಿಕ್ಕಾಗ ಸಂಕೋಚದ ಮಕ್ಕಳ ಬಾಯಿ ಬಿಡುತ್ತದೆ. ಶಾಲೆಗಳಲ್ಲಿ ನಡೆಸುವ ಇಂಗ್ಲಿಷ್ ಒಲಿಂಪಿಯಾಡ್‌ಗಳನ್ನು ಮಾತ್ರ ಇವುಗಳ ಸಾಲಿಗೆ ಸೇರಿಸಬೇಡಿ. ಅವು ಟಿಕ್ ಹಾಕುವ ಸ್ಪರ್ಧೆಗಳು, ಪದಕ ಚೆನ್ನಾಗಿರುತ್ತದೆ.

ದುಡ್ಡಿನ ವಿಷಯದಲ್ಲಿ ಸೆಂಟರಿನವರನ್ನು ನೇರವಾಗಿ ಕೇಳಿ: ಪರೀಕ್ಷೆಯ ಶುಲ್ಕ ಎಷ್ಟು, ನಿಮ್ಮ ಪಾಠದ ಶುಲ್ಕ ಎಷ್ಟು, ಎರಡನ್ನೂ ಬೇರೆ ಬೇರೆ ರಸೀದಿಯಲ್ಲಿ ಕೊಡ್ತೀರಾ? ಯಾವ ಅಧಿಕೃತ ಪರೀಕ್ಷಾ ಕೇಂದ್ರದ ಮೂಲಕ ನೋಂದಾಯಿಸ್ತೀರಿ? ಪಾಠ ಹೇಳುವ ಸೆಂಟರ್ ಬೇರೆ, ಪರೀಕ್ಷೆ ನಡೆಸಲು ಒಪ್ಪಿಗೆ ಪಡೆದ ಕೇಂದ್ರ ಬೇರೆ. ಕೇಂದ್ರಗಳ ಪಟ್ಟಿ ಕೇಂಬ್ರಿಡ್ಜಿನ ತಾಣದಲ್ಲೇ ಇದೆ, ಅವರು ಹೇಳಿದ ಹೆಸರು ಅದರಲ್ಲಿ ಕಾಣದಿದ್ದರೆ ಅಲ್ಲಿಗೇ ಬಿಡಿ. ಹಲವು ಸಾವಿರ ರೂಪಾಯಿಯ ಮಾತು ಇದು. ಸಾಲ ಮಾಡಿ ಬರೆಸುವಂಥದ್ದಂತೂ ಖಂಡಿತ ಅಲ್ಲ. ಕೈ ಬಿಗಿಯಿದ್ದರೆ ಮೇಲೆ ಹೇಳಿದ ಅಭ್ಯಾಸವನ್ನಷ್ಟೇ ಮಾಡಿಸಿ ಪರೀಕ್ಷೆ ಬಿಟ್ಟುಬಿಡಿ, ನಿಮಗೆ ಬೇಕಾದ್ದರಲ್ಲಿ ಮುಕ್ಕಾಲು ಪಾಲು ಬಂದೇ ಬರುತ್ತದೆ. ಮಗುವಿಗೆ ಕಿವಿಯ ತೊಂದರೆ, ಡಿಸ್ಲೆಕ್ಸಿಯಾದಂಥ ತೊಡಕು ಇದ್ದರೆ ಹೆಚ್ಚುವರಿ ಸಮಯ ಮುಂತಾದ ಅನುಕೂಲ ಸಿಗುತ್ತದೆ, ಆದರೆ ನೋಂದಣಿಯ ಹೊತ್ತಿಗೇ ಕೇಂದ್ರದವರಿಗೆ ದಾಖಲೆ ಕೊಡಬೇಕು.

ಯಾವಾಗ ಬರೆಸಬೇಕು ಎಂದರೆ, 9ನೇ ತರಗತಿ ಮುಗಿದ ಬೇಸಿಗೆ ರಜೆಯಲ್ಲಿ ತಯಾರಿ ಬಿಗಿ ಮಾಡಿ, ರಜೆಯ ಕೊನೆಗೋ ಜೂನ್‌ನಲ್ಲೋ ದಿನಾಂಕ ಸಿಕ್ಕರೆ ಮುಗಿಸಿ. ಅಷ್ಟರಲ್ಲಿ ಆಗದಿದ್ದರೆ ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಅದರ ಸುದ್ದಿ ಎತ್ತಬೇಡಿ. ಎರಡು ದೋಣಿಯಲ್ಲಿ ಕಾಲಿಡಿಸಿದರೆ ಹತ್ತನೆಯ ತರಗತಿಯ ಮಕ್ಕಳು ನಿದ್ದೆಗೆಡುತ್ತಾರೆ.

ಇನ್ನೊಂದು ಸಣ್ಣ ವಿಷಯ, ಆದರೆ ನಮ್ಮ ಕಡೆಯವರು ಇದರಲ್ಲಿ ಸಿಕ್ಕಿಕೊಳ್ಳುವುದೇ ಹೆಚ್ಚು. ಶಾಲೆಯ ದಾಖಲೆಯಲ್ಲಿ ಹೆಸರಿನ ಹಿಂದೆ ಇನಿಷಿಯಲ್, ಆಧಾರಿನಲ್ಲಿ ಇನಿಷಿಯಲ್ಲೇ ಇಲ್ಲ, ಪಾಸ್‌ಪೋರ್ಟ್ ಮಾಡಿಸಿದರೆ ಊರು, ತಂದೆಯ ಹೆಸರು ಎಲ್ಲ ಬಿಡಿಸಿ ಬರೆದಿರುತ್ತದೆ. ಪರೀಕ್ಷೆಯ ದಿನ ತೋರಿಸುವ ಫೋಟೋ ಗುರುತಿನ ಚೀಟಿಯಲ್ಲಿ ಹೇಗಿದೆಯೋ ಹಾಗೆಯೇ, ಅಕ್ಷರ ಅಕ್ಷರ ತಾಳೆಯಾಗುವಂತೆ, ನೋಂದಣಿ ಅರ್ಜಿಯಲ್ಲಿ ತುಂಬಿಸಿ. ಸೆಂಟರಿನವರೇ ತುಂಬುತ್ತೇವೆ ಎಂದರೆ ಕಳಿಸುವ ಮುಂಚೆ ನೀವೊಮ್ಮೆ ಓದಿ ನೋಡಿ.